ಕೆಂಡದ ಮೇಲಿನ ಜಾಲರಿ: ಮಲೆನಾಡಿಗೆ ಯಾವ ಲೋಹ ಹೊಂದುತ್ತದೆ?

ಮೂಡಿಗೆರೆ ಸುತ್ತಮುತ್ತಲ ಹೋಂಸ್ಟೇಗಳಲ್ಲಿ ಅಂಗಳದ ಇದ್ದಿಲು ಗ್ರಿಲ್ ಈಗ ಸಂಜೆಯ ಊಟದ ಭಾಗವೇ ಆಗಿಬಿಟ್ಟಿದೆ. ದೇವರಮನೆ, ಎತ್ತಿನಭುಜ, ಬಲ್ಲಾಳರಾಯನದುರ್ಗ ಹತ್ತಿಳಿದು ಬಂದವರು ಮೊದಲು ಹೋಗಿ ನಿಲ್ಲುವುದು ಅದರ ಸುತ್ತ. ಕೆಲವರ ಮನೆಯಲ್ಲಿ ಅಂಗಡಿಯಿಂದ ತಂದ ಬಾರ್ಬೆಕ್ಯೂ ಇದೆ, ಹೆಚ್ಚಿನವರಲ್ಲಿ ಎಣ್ಣೆ ಡ್ರಮ್ಮನ್ನು ಉದ್ದಕ್ಕೆ ಸೀಳಿ ಕಾಲು ಬೆಸೆದ ಊರಿನ ಗ್ರಿಲ್ ಇದೆ. ಕೆಂಡದ ಅಡುಗೆ ತೋಟದ ಮನೆಗಳಿಗೆ ಹೊಸದಲ್ಲ. ಅಕ್ಕಿ ರೊಟ್ಟಿಯನ್ನು ಕಾವಲಿಯಿಂದ ತೆಗೆದು ಕೆಂಡದ ಮೇಲೆ ಉಬ್ಬಿಸುವುದು, ಬಚ್ಚಲ ಒಲೆಯ ಕೆಂಡದಲ್ಲಿ ಗೆಣಸು, ಹಲಸಿನ ಬೀಜ, ಒಣಮೀನು ಸುಡುವುದು ಇಲ್ಲಿ ತಲೆಮಾರುಗಳ ರೂಢಿ. ಹೊಸದಾಗಿ ಬಂದದ್ದು ಕೆಂಡಕ್ಕೂ ಆಹಾರಕ್ಕೂ ನಡುವೆ ಮಲಗುವ ದೊಡ್ಡ ಜಾಲರಿ.

ಗ್ರಿಲ್‌ನಲ್ಲಿ ಮೊದಲು ಕೆಡುವುದೂ ಈ ಜಾಲರಿಯೇ. ಗ್ರಿಲ್ ಜೊತೆಗೆ ಬರುವುದು ಸಾಮಾನ್ಯವಾಗಿ ಕ್ರೋಮ್ ಲೇಪದ ತೆಳು ತಂತಿಯ ಜಾಲರಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಲೇಪ ಎದ್ದು, ತುಕ್ಕು ಹಿಡಿದು, ನಡುವೆ ಬಾಗಿರುತ್ತದೆ. ಆಗ ಬದಲಿ ಜಾಲರಿಯ ಹುಡುಕಾಟ ಶುರು. ಬೀಡಿನದು ಶಾಖ ಹಿಡಿಯುತ್ತದೆ ಎನ್ನುವವರಿದ್ದಾರೆ, ಸ್ಟೀಲ್ ತಂದರೆ ಮರೆತುಬಿಡಬಹುದು ಎನ್ನುವವರಿದ್ದಾರೆ. ಆನ್‌ಲೈನ್ ಅಂಗಡಿಗಳಲ್ಲಿ ಅಲ್ಯೂಮಿನಿಯಂ ಏಣುಗಳ ತಟ್ಟೆಯೂ ಸಿಗುತ್ತದೆ. ಅಗ್ಗವಾಗಲಿ ಎಂದು ಹಾರ್ಡ್‌ವೇರ್ ಅಂಗಡಿಯ ಜಿಐ ಮೆಶ್ ಕತ್ತರಿಸಿ ಹಾಕುವವರೂ ಇದ್ದಾರೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ಭೌತವಿಜ್ಞಾನವೂ ರಸಾಯನವಿಜ್ಞಾನವೂ ಸ್ಪಷ್ಟ ಉತ್ತರ ಕೊಡುತ್ತವೆ. ಲೋಹದ ಹೆಸರಿಗಿಂತ ಸರಳಿನ ದಪ್ಪ, ಸರಳುಗಳ ನಡುವಿನ ಸಂದು ಮತ್ತು ನಮ್ಮ ಮಳೆ, ಈ ಮೂರೇ ಹೆಚ್ಚು ನಿರ್ಧರಿಸುತ್ತವೆ.

ಬೇಯಿಸುವುದು ಕೆಂಡವೋ ಜಾಲರಿಯೋ?

ಶಾಖ ಮೂರು ದಾರಿಯಲ್ಲಿ ಆಹಾರ ಸೇರುತ್ತದೆ. ಬಿಸಿ ಸರಳು ನೇರವಾಗಿ ತಾಗಿ ಕೊಡುವುದು ವಹನ. ಮೇಲೇಳುವ ಬಿಸಿಗಾಳಿ ಕೊಡುವುದು ಸಂವಹನ. ಕೆಂಡ ಅವಕೆಂಪು ಕಿರಣಗಳಾಗಿ ಎರಚುವುದು ವಿಕಿರಣ. ಮುಚ್ಚಳ ತೆರೆದ ಇದ್ದಿಲು ಗ್ರಿಲ್‌ನಲ್ಲಿ ಸಿಂಹಪಾಲು ವಿಕಿರಣದ್ದು.

ವಿಕಿರಣ ಎಷ್ಟೆಂಬುದನ್ನು ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮ ಹೇಳುತ್ತದೆ. ಕೆಲ್ವಿನ್ ಮಾನದ ಉಷ್ಣಾಂಶದ ನಾಲ್ಕನೇ ಘಾತಕ್ಕೆ ತಕ್ಕಂತೆ ಅದು ಏರುತ್ತದೆ. 500 ಡಿಗ್ರಿ ಸೆಲ್ಸಿಯಸ್‌ನ ಕೆಂಡ ಪ್ರತಿ ಚದರ ಮೀಟರಿಗೆ ಗರಿಷ್ಠ ಸುಮಾರು 20 ಕಿಲೊವ್ಯಾಟ್ ಚೆಲ್ಲಿದರೆ, ಬೀಸಣಿಗೆಯಿಂದ ಗಾಳಿ ಹಾಕಿ 700 ಡಿಗ್ರಿಗೆ ಏರಿಸಿದ ಅದೇ ಕೆಂಡ ಸುಮಾರು 50 ಕಿಲೊವ್ಯಾಟ್ ಚೆಲ್ಲುತ್ತದೆ. ಉಷ್ಣಾಂಶ ಏರಿದ್ದು 200 ಡಿಗ್ರಿ, ಶಾಖ ಏರಿದ್ದು ಎರಡೂವರೆ ಪಟ್ಟು. ಗಾಳಿ ಹಾಕಿದ ಒಂದೆರಡು ನಿಮಿಷದಲ್ಲೇ ಮಾಂಸ ಸೀದುಹೋಗುವುದು ಇದರಿಂದಲೇ. 250 ಡಿಗ್ರಿಗೆ ಕಾದ ಜಾಲರಿಯ ಸರಳು ಎರಚಬಲ್ಲದ್ದು ಅದೇ ಅಳತೆಯಲ್ಲಿ ಹೆಚ್ಚೆಂದರೆ ನಾಲ್ಕು ಕಿಲೊವ್ಯಾಟ್ ಚಿಲ್ಲರೆ. ಅಂದರೆ ಸರಳು ತನ್ನ ವಿಕಿರಣದಿಂದ ಬೇಯಿಸುವುದು ಅತ್ಯಲ್ಪ. ಅದರ ಕೆಲಸ ತಾಗಿದ ಗೆರೆಯಲ್ಲಿ ಮಾತ್ರ.

ಆ ಗೆರೆಗೂ ಅದರದೇ ಮಹತ್ವವಿದೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ ಅಮೈನೊ ಆಮ್ಲಗಳೂ ಸಕ್ಕರೆಗಳೂ ಶಾಖದಲ್ಲಿ ಕೂಡಿ ಕಂದು ಬಣ್ಣದ ಪದಾರ್ಥಗಳಾಗುವುದನ್ನು ವರದಿ ಮಾಡಿದ. ಸುಟ್ಟ ಮಾಂಸ, ರೊಟ್ಟಿ, ಹುರಿದ ಕಾಫಿ ಬೀಜ ಇವೆಲ್ಲದರ ಘಮದ ಹಿಂದೆ ಇರುವುದು ಈ ಮಯಾರ್ ಕ್ರಿಯೆ. 140 ಡಿಗ್ರಿ ದಾಟಿದ ಮೇಲೆ ಅದು ಚುರುಕಾಗುತ್ತದೆ. ಹಸಿ ಮಾಂಸದ ಮೇಲ್ಮೈಯಲ್ಲಿ ನೀರಿರುವವರೆಗೆ ಉಷ್ಣಾಂಶ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೊದಲು ನೀರು ಆರಬೇಕು, ಆಮೇಲಷ್ಟೇ ಬಣ್ಣ. ಬಾಳೆ ಎಲೆಯಲ್ಲಿ ಸುತ್ತಿ ಸುಟ್ಟ ಮೀನು ಮೆತ್ತಗೆ ಬೆಂದು, ಎಲೆ ಕರಕಲಾದ ಕಡೆ ಮಾತ್ರ ಕಂದಾಗುವುದು ಇದಕ್ಕೇ. ಬಿಸಿ ಸರಳು ತಾನು ತಾಗಿದ ಕಡೆ ನೀರನ್ನು ಬೇಗ ಓಡಿಸುತ್ತದೆ, ಆದ್ದರಿಂದ ಅಲ್ಲಿ ಗೆರೆ ಮೊದಲು ಮೂಡುತ್ತದೆ.

ಇದೇ ಸರಳು ಕೆಂಡದ ಕಿರಣಗಳಿಗೆ ಅಡ್ಡಲಾಗಿಯೂ ನಿಂತಿರುತ್ತದೆ. 6 ಮಿಲಿಮೀಟರ್ ದಪ್ಪದ ಸರಳುಗಳ ನಡುವೆ 12 ಮಿಲಿಮೀಟರ್ ಸಂದು ಬಿಟ್ಟರೆ ಜಾಲರಿಯ ಮೂರನೇ ಒಂದು ಭಾಗ ನೆರಳು. 12 ಮಿಲಿಮೀಟರ್ ಅಗಲದ ಬೀಡಿನ ಪಟ್ಟಿಗಳ ನಡುವೆ ಅಷ್ಟೇ ಸಂದಿದ್ದರೆ ಅರ್ಧಕ್ಕರ್ಧ ನೆರಳು. ಜಾಲರಿ ಬದಲಾಯಿಸಿದಾಗ ಅಡುಗೆ ಬದಲಾದಂತೆ ಕಂಡರೆ, ಅದರಲ್ಲಿ ಲೋಹದ ಪಾಲು ಎಷ್ಟೋ ಈ ನೆರಳಿನ ಪಾಲೂ ಅಷ್ಟೇ ಇರಬಹುದು.

ಶಾಖ ಹಿಡಿಯುವ ಲೋಹ ಯಾವುದು?

ಬೀಡು ಶಾಖ ಹಿಡಿಯುತ್ತದೆ ಎಂಬ ಮಾತು ಎಲ್ಲ ಅಡುಗೆಮನೆಗಳಲ್ಲೂ ಇದೆ. ದಪ್ಪನೆಯ ದೋಸೆ ಕಾವಲಿ ಬಳಸುವವರಿಗೆ ಅದು ಅನುಭವದ ಸತ್ಯ. ಆ ಗುಣ ಲೋಹದಿಂದ ಬಂದದ್ದೋ ದಪ್ಪದಿಂದ ಬಂದದ್ದೋ ಎಂಬುದನ್ನು ಬಿಡಿಸಿ ನೋಡಬೇಕು.

ಒಂದು ಘನ ಸೆಂಟಿಮೀಟರ್ ಲೋಹವನ್ನು ಒಂದು ಡಿಗ್ರಿ ಬಿಸಿಮಾಡಲು ಬೀಡಿಗೆ ಸುಮಾರು 3.3 ಜೂಲ್ ಬೇಕು, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ 4 ಜೂಲ್, ಅಲ್ಯೂಮಿನಿಯಮ್ಮಿಗೆ 2.4 ಜೂಲ್. ಒಂದೇ ಗಾತ್ರದ ಸರಳುಗಳನ್ನು ಹೋಲಿಸಿದರೆ ಹೆಚ್ಚು ಶಾಖ ಹಿಡಿಯುವುದು ಸ್ಟೀಲೇ. ಬೀಡಿನ ಜಾಲರಿಗೆ ಹೆಸರು ಬಂದಿರುವುದು ಅದನ್ನು ದಪ್ಪವಾಗಿ ಎರಕ ಹೊಯ್ಯುವುದರಿಂದ. ಬೀಡು ಪೆಡಸು, ತೆಳುವಾಗಿ ಹೊಯ್ದರೆ ಒಡೆಯುತ್ತದೆ. ಸ್ಟೀಲನ್ನು ತೆಳು ತಂತಿಯಾಗಿ ಎಳೆದು ಮಾರಬಹುದು, ಆದ್ದರಿಂದ ಹಾಗೆ ಮಾರುತ್ತಾರೆ. ತಂತಿಯ ವ್ಯಾಸ ಇಮ್ಮಡಿಯಾದರೆ ಅದರ ತೂಕ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಲೆಕ್ಕಕ್ಕೆ 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಜಾಲರಿ ತೆಗೆದುಕೊಳ್ಳೋಣ. 4 ಮಿಲಿಮೀಟರ್ ತಂತಿ 25 ಹಾಕಿದರೆ ತೂಕ ಮುಕ್ಕಾಲು ಕಿಲೊ. 8 ಮಿಲಿಮೀಟರ್ ಸರಳು 20 ಹಾಕಿದರೆ ಸುಮಾರು 2.4 ಕಿಲೊ. 250 ಡಿಗ್ರಿಗೆ ಕಾದ ಜಾಲರಿ 100 ಡಿಗ್ರಿಗೆ ಇಳಿಯುವಾಗ ಮೊದಲನೆಯದು ಸುಮಾರು 56 ಕಿಲೊಜೂಲ್ ಬಿಟ್ಟುಕೊಡುತ್ತದೆ, ಎರಡನೆಯದು 180 ಕಿಲೊಜೂಲ್. ಒಂದು ಗ್ರಾಂ ನೀರು ಆವಿಯಾಗಲು 2.26 ಕಿಲೊಜೂಲ್ ಬೇಕು. ಹಾಗಾಗಿ ತೆಳು ಜಾಲರಿಯ ಕೂಡಿಟ್ಟ ಶಾಖವೆಲ್ಲ 25 ಗ್ರಾಂ ನೀರು ಆರಿಸುವುದರಲ್ಲಿ ಮುಗಿಯುತ್ತದೆ. ದಪ್ಪ ಜಾಲರಿ 80 ಗ್ರಾಂ ಆರಿಸಬಲ್ಲದು. ಮಸಾಲೆ ಹಚ್ಚಿದ ಹಸಿ ಕೋಳಿ ತುಂಡುಗಳನ್ನು ತುಂಬ ಹರಡಿದಾಗ ತೆಳು ತಂತಿ ತಣ್ಣಗಾಗಿ ಅಂಟಿಕೊಳ್ಳುವುದಕ್ಕೂ, ದಪ್ಪ ಸರಳು ಛುಂಯ್ ಎಂದು ಹಿಡಿದು ಬಿಡುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಈ ಕೂಡಿಟ್ಟ ಶಾಖ ಮೊದಲ ಒಂದೆರಡು ನಿಮಿಷದ್ದು. ಆಮೇಲಿನ ಅಡುಗೆಯೆಲ್ಲ ಕೆಂಡದ್ದೇ.

ಹಿಡಿದ ಶಾಖವನ್ನು ಎಷ್ಟು ಬೇಗ ಬಿಡುತ್ತದೆ ಎಂಬುದು ಬೇರೆ ಗುಣ. ಅದು ಉಷ್ಣ ವಾಹಕತೆಯದು. ಅಲ್ಯೂಮಿನಿಯಂ 200ಕ್ಕೂ ಹೆಚ್ಚು, ಬೀಡು 50ರ ಆಸುಪಾಸು, 304 ಸ್ಟೀಲ್ ಕೇವಲ 16. ಏಕಮಾನ ಮೀಟರಿಗೆ, ಕೆಲ್ವಿನ್ನಿಗೆ ಇಷ್ಟು ವ್ಯಾಟ್. ಬೀಡಿನ ಸರಳಿನ ಒಳಗಿನ ಶಾಖ ತಾಗಿದ ಗೆರೆಯತ್ತ ಸ್ಟೀಲಿಗಿಂತ ಮೂರು ಪಟ್ಟು ಸಲೀಸಾಗಿ ಹರಿಯುತ್ತದೆ. ಬೀಡಿನ ಮೇಲಿನ ಗೆರೆ ಕಡುಕಪ್ಪಾಗಿ ಬರುವುದು ಇದರಿಂದ. ಅಲ್ಯೂಮಿನಿಯಂ ಇನ್ನೂ ವೇಗ, ಮೂಲೆ ಮೂಲೆಗೂ ಶಾಖವನ್ನು ಸಮನಾಗಿ ಹಂಚುತ್ತದೆ. ಅದರ ಮಿತಿ ಬೇರೆ. ಅದು ಕರಗುವುದು 660 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ಗಾಳಿ ಊದಿದ ಇದ್ದಿಲು ಆ ಉಷ್ಣಾಂಶವನ್ನು ಸುಲಭವಾಗಿ ದಾಟುತ್ತದೆ. ಅಲ್ಯೂಮಿನಿಯಂ ತಟ್ಟೆಯನ್ನು ಕೆಂಡದಿಂದ ದೂರದಲ್ಲೇ ಇಡಬೇಕು, ಅದರ ಕೆಳಗೆ ಬ್ಲೋವರ್ ಹಚ್ಚಲೇಬಾರದು.

ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

ಕಾಗದದ ಲೆಕ್ಕ ಕೆಂಡದ ಮುಂದೆ ನಿಲ್ಲುತ್ತದೆಯೇ ಎಂದು ನೋಡಲು ನಾನು ನಾಲ್ಕು ಬಗೆಯ ಜಾಲರಿಗಳನ್ನು ಒಂದೇ ಡ್ರಮ್ ಗ್ರಿಲ್ಲಿನ ಮೇಲೆ ಪರೀಕ್ಷಿಸಿದೆ. ಗ್ರಿಲ್ ಜೊತೆ ಬಂದ ಕ್ರೋಮ್ ತಂತಿಯದು, ಊರಿನ ವೆಲ್ಡಿಂಗ್ ಶಾಪಿನಲ್ಲಿ 8 ಮಿಲಿಮೀಟರ್ ಸ್ಟೀಲ್ ಸರಳಿನಿಂದ ಮಾಡಿಸಿದ್ದು, ಬೀಡಿನದು, ಮತ್ತು ಕೆಳಗೆ ತಟ್ಟೆ ಇರುವ ಅಲ್ಯೂಮಿನಿಯಂ ಏಣಿನದು. ಇದ್ದಿಲು ಬೂದಿ ಕಟ್ಟಿದ ಮೇಲೆ ಸಮನಾಗಿ ಹರಡಿ, ಪ್ರತಿ ಜಾಲರಿಯನ್ನೂ ಒಂದೇ ಎತ್ತರದಲ್ಲಿಟ್ಟು, ಚೆನ್ನಾಗಿ ಕಾಯಿಸಿ, ಮೇಲೆ ಬ್ರೆಡ್ ಚೂರುಗಳನ್ನು ಸಾಲಾಗಿ ಹರಡುವುದು. ಅಷ್ಟೇ ಹೊತ್ತಿಗೆ ತೆಗೆದು ತಿರುಗಿಸಿ ನೋಡುವುದು. ಎಲ್ಲೆಲ್ಲಿ ಎಷ್ಟು ಶಾಖವೆಂಬ ನಕ್ಷೆ ಬ್ರೆಡ್ಡಿನ ಮೇಲೆ ಅಚ್ಚೊತ್ತಿರುತ್ತದೆ. ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಇದು.

ತೆಳು ತಂತಿಯ ಮೇಲಿನ ಚೂರಿನಲ್ಲಿ ಗೆರೆ ಮಸುಕು, ಗೆರೆಗಳ ನಡುವಿನ ಜಾಗ ಹೊಂಬಣ್ಣ. ಕೆಂಡ ನೇರವಾಗಿ ನೋಡಿದ್ದರ ಗುರುತು ಅದು. ಗ್ರಿಲ್ಲಿನ ನಡುವೆ ಕೆಂಡ ಹೆಚ್ಚಿದ್ದ ಕಡೆ ಚೂರು ಕರಕಲು, ಅಂಚಿನಲ್ಲಿ ಬಿಳಿ. ದಪ್ಪ ಸ್ಟೀಲಿನ ಮೇಲೆ ಗೆರೆಯೂ ಸ್ಪಷ್ಟ, ನಡುವಿನ ಬಣ್ಣವೂ ಹದ. ಬೀಡಿನ ಮೇಲೆ ಅಗಲವಾದ ಕಪ್ಪು ಗೆರೆ, ನಡುವೆ ತುಸು ಬಿಳಿಚು. ಅಲ್ಯೂಮಿನಿಯಮ್ಮಿನ ಮೇಲೆ ಅಂಚಿನಿಂದ ಅಂಚಿಗೆ ಒಂದೇ ಸಮನಾದ ಗೆರೆ, ನಡುವೆ ಮಾತ್ರ ಬ್ರೆಡ್ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಕೆಳಗಿನ ತಟ್ಟೆ ಕೆಂಡದ ಕಿರಣವನ್ನು ಪೂರ್ತಿ ತಡೆದಿತ್ತು.

ಉಷ್ಣಾಂಶ ಅಳೆಯಲು ಹೋದವರು ಎಡವುವ ಒಂದು ಜಾಗವಿದೆ. ಗುರಿಯಿಟ್ಟು ಒತ್ತುವ ಅವಕೆಂಪು ಥರ್ಮಾಮೀಟರ್ ಈಗ ಎಲ್ಲೆಡೆ ಸಿಗುತ್ತದೆ. ಹೊಳೆಯುವ ಹೊಸ ಸ್ಟೀಲ್ ಸರಳಿಗೆ ಗುರಿಯಿಟ್ಟರೆ ಅದು ಬೀಡಿಗಿಂತ ಬಹಳ ಕಡಿಮೆ ತೋರಿಸುತ್ತದೆ. ಸ್ಟೀಲ್ ಕಾದಿಲ್ಲವೆಂದು ತೀರ್ಮಾನಿಸಬಾರದು. ಹೊಳಪಿನ ಲೋಹ ತನ್ನ ಉಷ್ಣಾಂಶಕ್ಕೆ ತಕ್ಕ ಕಿರಣ ಹೊರಸೂಸುವುದೇ ಇಲ್ಲ, ಉಪಕರಣ ಆ ಕಿರಣವನ್ನೇ ನಂಬಿ ಲೆಕ್ಕ ಹಾಕುತ್ತದೆ. ಅದೇ ಸರಳಿನ ಎಣ್ಣೆ ಸುಟ್ಟು ಕಪ್ಪಾದ ಜಾಗಕ್ಕೆ ಗುರಿಯಿಟ್ಟಾಗ ಅಂಕೆ ಬೀಡಿನ ಹತ್ತಿರಕ್ಕೆ ಬಂತು. ಕಪ್ಪು ಮೈ ಕಿರಣವನ್ನು ಚೆನ್ನಾಗಿ ಹೊರಸೂಸುವಂತೆ ಚೆನ್ನಾಗಿ ಹೀರಲೂಬಲ್ಲದು. ಹಾಗಾಗಿ ಸ್ಟೀಲ್ ಜಾಲರಿ ನಾಲ್ಕಾರು ಬಳಕೆಯ ನಂತರ ಕಪ್ಪಾದ ಮೇಲೆ ಮೊದಲಿಗಿಂತ ಬೇಗ ಕಾಯುತ್ತದೆ. ಆ ಕಪ್ಪನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುವ ಅಗತ್ಯವಿಲ್ಲ.

ಕಠಿಣ ಪರೀಕ್ಷೆ ಮೀನಿನದು. ಮಂಗಳೂರಿನ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬರುವ ಬಂಗುಡೆ ಮೂಡಿಗೆರೆಯಲ್ಲಿ ಸುಲಭವಾಗಿ ಸಿಗುವ ಮೀನು. ಅದರ ಚರ್ಮ ತೆಳು, ಜಾಲರಿಗೆ ಅಂಟಿದರೆ ಕಿತ್ತೇ ಬರುತ್ತದೆ. ಕಾಯದ ಲೋಹಕ್ಕೆ ತಾಗಿದ ಹಸಿ ಪ್ರೋಟೀನ್ ನಿಧಾನವಾಗಿ ಬಿಚ್ಚಿಕೊಂಡು ಲೋಹದ ಮೇಲ್ಮೈಗೇ ಬೆಸೆದುಕೊಳ್ಳುತ್ತದೆ. ಚೆನ್ನಾಗಿ ಕಾದ, ಎಣ್ಣೆಯ ಪದರವಿರುವ ಲೋಹಕ್ಕೆ ತಾಗಿದರೆ ಮೇಲ್ಪದರ ತಕ್ಷಣ ಗಟ್ಟಿಯಾಗಿ, ಒಣಗಿ, ತಾನೇ ಬಿಟ್ಟುಕೊಳ್ಳುತ್ತದೆ. ಹದವಾದ ಬೀಡಿನ ಮೇಲೆ ಬಂಗುಡೆ ಇಡಿಯಾಗಿ ಎದ್ದು ಬಂತು. ಅಲ್ಯೂಮಿನಿಯಂ, ದಪ್ಪ ಸ್ಟೀಲ್ ಎರಡರಲ್ಲೂ ತುಸು ಕಾದರೆ ಬಿಟ್ಟಿತು. ತೆಳು ತಂತಿಯಲ್ಲಿ ಚರ್ಮದ ಪಟ್ಟಿಗಳು ಜಾಲರಿಯಲ್ಲೇ ಉಳಿದವು. ಎಣ್ಣೆಯನ್ನು ಜಾಲರಿಗಿಂತ ಮೀನಿಗೇ ಸವರುವುದು, ತಾನಾಗಿ ಬಿಡುವವರೆಗೆ ಕೈಹಾಕದಿರುವುದು ಯಾವ ಲೋಹಕ್ಕಾದರೂ ಅನ್ವಯಿಸುವ ನಿಯಮ.

ಮಳೆಗಾಲವೇ ನಿಜವಾದ ಪರೀಕ್ಷೆ

ಚಿಕ್ಕಮಗಳೂರು ಜಿಲ್ಲೆಗೆ ಕಬ್ಬಿಣವೂ ಇದ್ದಿಲೂ ಹಳೆಯ ನಂಟು. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗುತ್ತಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಮೈಸೂರು ಕಬ್ಬಿಣ ಕಾರ್ಖಾನೆಯ ಊದುಕುಲುಮೆ ಉರಿದದ್ದು ಮಲೆನಾಡಿನ ಕಾಡುಗಳ ಇದ್ದಿಲಿನಿಂದ. ಕಳಸದ ಆಚೆ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಸಂಸ್ಥೆ ಮ್ಯಾಗ್ನಟೈಟ್ ಅದಿರು ತೆಗೆದು, ಅರೆದು, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಈ ಅದಿರುಗಳೆಲ್ಲ ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ಆಕ್ಸೈಡುಗಳು. ಊದುಕುಲುಮೆಯಲ್ಲಿ ಇದ್ದಿಲಿನ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಗ್ರಿಲ್ಲಿನ ಜಾಲರಿಯ ಮೇಲೆ ನಡೆಯುವುದು ಇದರ ಉಲ್ಟಾ: ಗಾಳಿ ಮತ್ತು ನೀರು ಆ ಆಮ್ಲಜನಕವನ್ನು ಕಬ್ಬಿಣಕ್ಕೆ ಮರಳಿಸುತ್ತವೆ. ಅದನ್ನೇ ನಾವು ತುಕ್ಕು ಎನ್ನುವುದು.

ಗಾಳಿಯ ತೇವಾಂಶ ಶೇ 60 ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಥಟ್ಟನೆ ಏರುತ್ತದೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮೂಡಿಗೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಇದಕ್ಕೆ ಉಪ್ಪು ಸೇರಿದರೆ ಕಷ್ಟ ಇಮ್ಮಡಿ. ಅಡುಗೆ ಉಪ್ಪು ಶೇ 75ರ ತೇವಾಂಶದಲ್ಲಿ ಗಾಳಿಯ ನೀರನ್ನು ಹೀರಿ ತಾನೇ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡದ ಮಲೆನಾಡಿನ ಮನೆಯಿಲ್ಲ. ಮಸಾಲೆಯ ಉಪ್ಪು ಜಾಲರಿಯ ಮೇಲೆ ಒಣಗಿ ಉಳಿದಿದ್ದರೆ, ಮಳೆ ತಾಗದ ಶೆಡ್ಡಿನಲ್ಲಿಟ್ಟರೂ ಅದು ನೀರು ಕರೆದುಕೊಳ್ಳುತ್ತದೆ. ಆ ಉಪ್ಪುನೀರಿನ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಕ್ರೋಮಿಯಂ. ಶೇ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಮೇಲ್ಮೈಯಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪದರ ತಾನಾಗಿ ಮೂಡುತ್ತದೆ. ಗೀರು ಬಿದ್ದರೂ ಗಾಳಿ ತಾಗಿ ಮತ್ತೆ ಕೂಡಿಕೊಳ್ಳುತ್ತದೆ. 304 ದರ್ಜೆಯಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ 200 ಸರಣಿಯ ಸ್ಟೀಲಿನಲ್ಲಿ ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಅಯಸ್ಕಾಂತ ಹಿಡಿದು ನೋಡಿ ಅಂಟದಿದ್ದರೆ ತ್ರೀ ನಾಟ್ ಫೋರ್ ಎಂದು ಅಂಗಡಿಯಲ್ಲಿ ಹೇಳುವುದುಂಟು. ಈ ಪರೀಕ್ಷೆ ಸಾಲದು, 200 ಸರಣಿಗೂ ಅಯಸ್ಕಾಂತ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಬೇಕು. ಮ್ಯಾಂಗನೀಸ್ ಪತ್ತೆ ಮಾಡುವ ದ್ರಾವಣ ಮತ್ತು ಸಣ್ಣ ಬ್ಯಾಟರಿ ಇಟ್ಟುಕೊಂಡಿರುವ ಸ್ಟೀಲ್ ವ್ಯಾಪಾರಿ ಸಿಕ್ಕಿದರೆ ಎದುರಿಗೇ ಹನಿ ಹಾಕಿಸಿ ನೋಡಬಹುದು.

ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಜಾಲರಿಯನ್ನು ಒಂದು ಮಳೆಗಾಲ ಕಳೆದ ಮೇಲೆ ಹತ್ತಿರದಿಂದ ನೋಡಿದರೆ ಒಂದು ಪಾಠ ಕಾಣುತ್ತದೆ. ಸರಳುಗಳು ಹಾಗೇ ಇವೆ, ಪ್ರತಿ ಬೆಸುಗೆಯ ಪಕ್ಕದಲ್ಲಿ ಮಾತ್ರ ಕಂದು ಉಂಗುರ. 304 ಸ್ಟೀಲ್ ಸರಿಸುಮಾರು 425ರಿಂದ 850 ಡಿಗ್ರಿಯ ನಡುವೆ ಹೊತ್ತು ಕಳೆದರೆ ಒಳಗಿನ ಇಂಗಾಲ ಕ್ರೋಮಿಯಮ್ಮನ್ನು ಹಿಡಿದುಕೊಂಡು ಕಾರ್ಬೈಡ್ ಆಗಿ ಹರಳುಗಳ ಅಂಚಿನಲ್ಲಿ ಕೂರುತ್ತದೆ. ಆ ಅಂಚಿನಲ್ಲಿ ಕಾಯುವ ಕ್ರೋಮಿಯಂ ಉಳಿಯುವುದಿಲ್ಲ, ತುಕ್ಕು ಅಲ್ಲಿಂದ ಶುರುವಾಗುತ್ತದೆ. ಬೆಸುಗೆಗೆ ಸಾದಾ ಕಬ್ಬಿಣದ ಎಲೆಕ್ಟ್ರೋಡ್ ಬಳಸಿದ್ದರೆ ಇನ್ನೂ ಬೇಗ. 304ಕ್ಕೆ 308 ದರ್ಜೆಯ ಎಲೆಕ್ಟ್ರೋಡ್ ಹಾಕಿ, ಬೆಸುಗೆಯ ಕಪ್ಪನ್ನು ತಿಕ್ಕಿ ತೆಗೆಯುವಂತೆ ಮೊದಲೇ ಹೇಳಬೇಕು. ಅಳತೆ ಕೊಡುವಾಗ ಇನ್ನೊಂದು ಮಾತು: ಈ ಸ್ಟೀಲ್ ಕಾದಾಗ ಬೀಡಿಗಿಂತ ಹೆಚ್ಚು ಹಿಗ್ಗುತ್ತದೆ. 40 ಸೆಂಟಿಮೀಟರಿನ ಸರಳು 400 ಡಿಗ್ರಿ ಕಾದರೆ ಸುಮಾರು 2.7 ಮಿಲಿಮೀಟರ್ ಉದ್ದವಾಗುತ್ತದೆ. ಗ್ರಿಲ್ಲಿಗೆ ಬಿಗಿಯಾಗಿ ಕೂರುವಂತೆ ಮಾಡಿಸಿದರೆ ಹಿಗ್ಗಲು ಜಾಗವಿಲ್ಲದೆ ಜಾಲರಿ ಡೊಂಕಾಗುತ್ತದೆ. ನಾಲ್ಕೈದು ಮಿಲಿಮೀಟರ್ ಸಡಿಲ ಬಿಡಿಸಿ.

ಬೀಡಿಗೆ ಕ್ರೋಮಿಯಮ್ಮಿನ ರಕ್ಷಣೆ ಇಲ್ಲ. ಅದನ್ನು ಕಾಯುವುದು ನಾವು ಹಚ್ಚಿ ಸುಡುವ ಎಣ್ಣೆ. ತೆಳುವಾಗಿ ಸವರಿದ ಎಣ್ಣೆ ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಗಟ್ಟಿ ಕಪ್ಪು ಪದರವಾಗುತ್ತದೆ. ಈ ಕೊಂಡಿಗೆ ಎಣ್ಣೆಯಲ್ಲಿ ಅಪರ್ಯಾಪ್ತ ಬಂಧಗಳು ಬೇಕು. ಅವುಗಳ ಅಳತೆ ಅಯೋಡಿನ್ ಮೌಲ್ಯ. ಅಗಸೆ ಎಣ್ಣೆಯದು 170ಕ್ಕೂ ಹೆಚ್ಚು, ಸೂರ್ಯಕಾಂತಿಯದು 120-140ರ ಆಸುಪಾಸು, ಹಂದಿ ಕೊಬ್ಬಿನದು 60ರ ಸುತ್ತ, ತೆಂಗಿನೆಣ್ಣೆಯದು ಕೇವಲ 10ರ ಹತ್ತಿರ. ಮನೆಯಲ್ಲಿ ಕೈಗೆ ಮೊದಲು ಸಿಗುವ ತೆಂಗಿನೆಣ್ಣೆ ಬೀಡಿನ ಹದಕ್ಕೆ ಎಲ್ಲಕ್ಕಿಂತ ದುರ್ಬಲ. ಅದು ಅಂಟಂಟಾಗಿ ಉಳಿಯುತ್ತದೆ, ಪದರ ಕಟ್ಟುವುದಿಲ್ಲ. ಸೂರ್ಯಕಾಂತಿ ಎಣ್ಣೆ ಸುಲಭವಾಗಿ ಸಿಗುತ್ತದೆ, ಸಾಕಾಗುತ್ತದೆ. ತೀರಾ ತೆಳುವಾಗಿ ಸವರಿ, ಬಟ್ಟೆಯಿಂದ ಒರೆಸಿ, ಹೊಗೆಯಾಡುವವರೆಗೆ ಕಾಯಿಸಿ ಆರಲು ಬಿಡಬೇಕು. ಇದನ್ನು ಮೂರ್ನಾಲ್ಕು ಸಲ ಮಾಡಿದರೆ ಪದರ ಕೂರುತ್ತದೆ. ಕಾದ ಬೀಡಿನ ಮೇಲೆ ತಣ್ಣೀರು ಸುರಿಯಬಾರದು, ಮಳೆಹನಿ ಬೀಳಲೂ ಬಿಡಬಾರದು. ಬೀಡಿನಲ್ಲಿ ಶೇ 2.5ರಿಂದ 4ರಷ್ಟು ಇಂಗಾಲವಿದ್ದು, ಅದು ಗ್ರಾಫೈಟ್ ಚಕ್ಕೆಗಳಾಗಿ ಹರಡಿರುತ್ತದೆ. ಥಟ್ಟನೆ ಕುಗ್ಗಿದಾಗ ಬಿರುಕು ಆ ಚಕ್ಕೆಗಳ ಗುಂಟ ಓಡುತ್ತದೆ. ಗಾಜಿನಂಥ ಎನಾಮಲ್ ಲೇಪದ ಬೀಡಿಗೂ ಇದೇ ಎಚ್ಚರ. ಕಬ್ಬಿಣದ ಚಮಚದಿಂದ ಕೆರೆದು ಚಕ್ಕೆ ಎದ್ದರೆ ಆ ಜಾಗದಿಂದ ತುಕ್ಕು ಒಳಗೆ ನುಗ್ಗುತ್ತದೆ.

ಜಿಐ ಮೆಶ್ ಬೇಡವೇ ಬೇಡ

ತೋಟದಲ್ಲಿ ಬೇಲಿಗೆ, ಕೋಳಿಗೂಡಿಗೆ ತಂದ ಜಿಐ ಮೆಶ್ ಮಿಕ್ಕಿರುತ್ತದೆ. ಅದನ್ನು ಕತ್ತರಿಸಿ ಗ್ರಿಲ್ಲಿಗೆ ಹಾಕುವುದು ಸುಲಭ. ಇದನ್ನು ಮಾಡಲೇಬಾರದು. ಜಿಐ ಎಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ. ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, 907 ಡಿಗ್ರಿಯಲ್ಲಿ ಕುದಿಯುತ್ತದೆ. ಊದಿದ ಕೆಂಡಕ್ಕೆ ಹತ್ತಿರವಿರುವ ಕಡೆ ಅದು ಕರಗಿ, ಆವಿಯಾಗಿ, ಗಾಳಿಯಲ್ಲಿ ಸತುವಿನ ಆಕ್ಸೈಡಿನ ಬಿಳಿ ಹೊಗೆಯಾಗಬಹುದು. ಈ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಕೆಮ್ಮು, ಮೈನೋವು ಬರುತ್ತದೆ. ಜಿಐ ಪೈಪು ಬೆಸೆಯುವ ವೆಲ್ಡರುಗಳಿಗೆ ಇದು ಗೊತ್ತಿರುವ ಕಾಯಿಲೆ. ಲೇಪ ಕಾಯದಿದ್ದರೂ ನಿಂಬೆರಸ, ಮೊಸರು, ಕಾಚಂಪುಳಿಯಂಥ ಹುಳಿ ಸವರಿದ ಮಾಂಸ ತಾಗಿದರೆ ಸತು ಕರಗಿ ಆಹಾರ ಸೇರುತ್ತದೆ. ಹಳೆಯ ಫ್ರಿಜ್ಜಿನ ತಂತಿ ತಟ್ಟೆಯನ್ನು ಬಳಸುವುದೂ ಸರಿಯಲ್ಲ, ಅದಕ್ಕೆ ಯಾವ ಲೇಪ ಕೊಟ್ಟಿದ್ದಾರೆಂದು ತಿಳಿಯುವ ದಾರಿಯಿಲ್ಲ.

ಕೊಬ್ಬು, ಹೊಗೆ, ಬ್ರಷ್ಷು

ಹಂದಿ ಮಾಂಸದ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಜ್ವಾಲೆ ಏಳುತ್ತದೆ, ಘಮ್ಮೆನ್ನುವ ಹೊಗೆ ಬರುತ್ತದೆ. ಆ ಹೊಗೆಯಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ನುಗಳಿರುತ್ತವೆ. ಅವುಗಳಲ್ಲೊಂದಾದ ಬೆಂಜೊಪೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮಾಂಸ ಕರಕಲಾದ ಕಡೆ ಹೆಟೆರೊಸೈಕ್ಲಿಕ್ ಅಮೈನುಗಳೂ ಹುಟ್ಟುತ್ತವೆ. ಅಪರೂಪಕ್ಕೊಮ್ಮೆ ತಿನ್ನುವುದಕ್ಕೆ ಹೆದರಬೇಕಿಲ್ಲ, ವಾರವಾರ ಅತಿಥಿಗಳಿಗೆ ಬಡಿಸುವವರು ಮತ್ತು ಗ್ರಿಲ್ ಮುಂದೆ ನಿಂತೇ ದುಡಿಯುವವರು ಯೋಚಿಸಬೇಕು.

ಇಲ್ಲಿ ಜಾಲರಿಯ ಆಕಾರ ನೆರವಿಗೆ ಬರುತ್ತದೆ. ಅರ್ಜೆಂಟೀನಾದ ಗ್ರಿಲ್ಲುಗಳಲ್ಲಿ ಸರಳಿನ ಬದಲು ಇಂಗ್ಲಿಷಿನ ವಿ ಆಕಾರದ ಪಟ್ಟಿಗಳನ್ನು ತುಸು ಇಳಿಜಾರಾಗಿ ಜೋಡಿಸಿರುತ್ತಾರೆ. ಕೊಬ್ಬು ಆ ದೋಣಿಯಲ್ಲಿ ಹರಿದು ಮುಂದಿನ ತಟ್ಟೆಗೆ ಬೀಳುತ್ತದೆ, ಕೆಂಡಕ್ಕೆ ಬೀಳುವುದು ಕಡಿಮೆ. ಊರಿನ ವೆಲ್ಡರ್ ಸ್ಟೀಲ್ ಆಂಗಲ್ ಪಟ್ಟಿಯಲ್ಲಿ ಇದನ್ನು ಸುಲಭವಾಗಿ ಮಾಡಿಕೊಡಬಲ್ಲ. ಜಾಲರಿಯನ್ನು ಎತ್ತರಿಸಲು ಇಳಿಸಲು ಬರುವಂತೆ ಕೊಕ್ಕೆ ಕೊಡಿಸಿದರೆ ಇನ್ನೂ ಒಳ್ಳೆಯದು. ಅರಿಸಿನ, ಬೆಳ್ಳುಳ್ಳಿ, ಹುಳಿ ಹಚ್ಚಿ ನೆನೆಸಿಟ್ಟ ಮಾಂಸದಲ್ಲಿ ಈ ಅಮೈನುಗಳು ಕಡಿಮೆ ಹುಟ್ಟುತ್ತವೆಂದು ಅಧ್ಯಯನಗಳು ತೋರಿಸಿವೆ. ನಮ್ಮ ಮಸಾಲೆಯ ರೂಢಿಗೆ ಇದು ಸಲ್ಲಬೇಕಾದ ಮನ್ನಣೆ.

ಜಾಲರಿ ಉಜ್ಜಲು ತಂತಿ ಬ್ರಷ್ ಬಳಸುವುದು ಬಿಡಬೇಕು. ಅದರ ಎಳೆ ಮುರಿದು ಜಾಲರಿಗೆ ಅಂಟಿ, ಮಾಂಸದೊಂದಿಗೆ ಹೊಟ್ಟೆ ಸೇರಿ, ಗಂಟಲು, ಕರುಳು ಚುಚ್ಚಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ವರದಿ ಮಾಡಿದೆ. ದೋಸೆ ಕಾವಲಿಗೆ ಅರ್ಧ ಹೆಚ್ಚಿದ ಈರುಳ್ಳಿ ಉಜ್ಜುವ ನಮ್ಮ ಪದ್ಧತಿ ಬಿಸಿ ಜಾಲರಿಗೂ ಹೊಂದುತ್ತದೆ. ಬೆಚ್ಚಗಿರುವಾಗ ಒದ್ದೆ ತೆಂಗಿನ ನಾರಿನಿಂದ ತಿಕ್ಕಿದರೆ ಉಪ್ಪೂ ಹೋಗುತ್ತದೆ.

ಮಳೆ ಬಂತೆಂದು ಉರಿಯುವ ಗ್ರಿಲ್ಲನ್ನು ಮನೆಯೊಳಗೆ, ಮುಚ್ಚಿದ ಶೆಡ್ಡಿಗೆ ಎಳೆದು ತರಬೇಡಿ. ಚಳಿಗೆಂದು ಕೆಂಡವನ್ನು ಕೋಣೆಯಲ್ಲಿಟ್ಟು ಮಲಗಲೇಬೇಡಿ. ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು.

ಕೊನೆಗೆ ಯಾವುದನ್ನು ಕೊಳ್ಳಬೇಕು?

ತಿಂಗಳಿಗೊಮ್ಮೆ ಗ್ರಿಲ್ ಹಚ್ಚುವ ಮನೆಗೆ 304 ಸ್ಟೀಲಿನ 8 ಮಿಲಿಮೀಟರ್ ಸರಳಿನ ಜಾಲರಿ ಸರಿಯಾದ ಆಯ್ಕೆ. ಸಂದು 12 ಮಿಲಿಮೀಟರ್ ಆಸುಪಾಸು ಇರಲಿ. ಇದು ಬೀಡಿಗಿಂತ ಗೆರೆಯಲ್ಲಿ ತುಸು ಹಿಂದೆ, ಶಾಖ ಹಿಡಿಯುವುದರಲ್ಲಿ ಸಮ, ಮಳೆಗಾಲದ ಬಾಳಿಕೆಯಲ್ಲಿ ಬಹಳ ಮುಂದೆ. ವಾರವಾರ ಬಳಸುವ, ಬಳಸಿದ ರಾತ್ರಿಯೇ ಎಣ್ಣೆ ಸವರಿಡುವ ಶಿಸ್ತಿರುವ ಹೋಂಸ್ಟೇಗೆ ಬೀಡು ಒಪ್ಪುತ್ತದೆ, ಮೀನಿಗಂತೂ ಅದೇ ಮೇಲು. ಕೊಬ್ಬಿನ ಮಾಂಸವೇ ಹೆಚ್ಚಾದರೆ ವಿ ಆಕಾರದ ಪಟ್ಟಿ ಮಾಡಿಸಿ. ಅಲ್ಯೂಮಿನಿಯಂ ತಟ್ಟೆ ಹದವಾದ ಕೆಂಡದ ಮೇಲೆ ತರಕಾರಿ, ಪನೀರ್, ಮೀನಿಗೆ ಸಾಕು.

ಯಾವುದನ್ನೇ ಕೊಂಡರೂ ಮಳೆಗಾಲಕ್ಕೆ ಮುಂಚೆ ಉಪ್ಪು, ಬೂದಿ ತೊಳೆದು, ಕಾಯಿಸಿ ಒಣಗಿಸಿ, ಎಣ್ಣೆ ಸವರಿ, ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿ. ಗ್ರಿಲ್ಲಿನಲ್ಲೇ ಬೂದಿಯ ಮೇಲೆ ಬಿಟ್ಟರೆ 304 ಕೂಡ ಕೆಡುತ್ತದೆ. ಅಟ್ಟದ ಬಿಸಿಯಲ್ಲಿದ್ದರೆ ಬೀಡೂ ತಲೆಮಾರು ಬಾಳುತ್ತದೆ.